ಕಾರಿನಡಿಗೆ ನುಸುಳುವ ಮುನ್ನ

ಭಾನುವಾರದ ಬೆಳಗ್ಗೆ. ಅಂಗಳದಲ್ಲಿ ಕಾರಿನ ಒಂದು ಬದಿ ಮೇಲಕ್ಕೆದ್ದಿದೆ. ಅದರಡಿಯಿಂದ ಎರಡು ಕಾಲುಗಳು ಮಾತ್ರ ಹೊರಗೆ ಕಾಣುತ್ತಿವೆ. ಚಹಾದ ಲೋಟ ಹಿಡಿದು ಬಂದ ನೀವು, "ಚಹಾ ಆರಿ ಹೋಗುತ್ತದೆ, ಬೇಗ ಬನ್ನಿ" ಎಂದು ಹೇಳಿ ಒಳಗೆ ಹೋಗುತ್ತೀರಿ. ಸಹೋದರಿ, ಒಳಗೆ ಹೋಗುವ ಮುನ್ನ ಒಮ್ಮೆ ಬಗ್ಗಿ ನೋಡಿ. ಆ ಕಾರು ಯಾವುದರ ಆಧಾರದಲ್ಲಿ ನಿಂತಿದೆ?

ಸಣ್ಣಪುಟ್ಟ ರಿಪೇರಿಯನ್ನು ಮನೆಯಲ್ಲೇ ಮಾಡಿ ನಾಲ್ಕು ಕಾಸು ಉಳಿಸುವುದು ಒಳ್ಳೆಯದೇ. ದುಂದುವೆಚ್ಚವನ್ನು ನಮ್ಮ ಧರ್ಮ ಮೆಚ್ಚುವುದಿಲ್ಲ. ಆದರೆ ಲೆಕ್ಕವೊಂದನ್ನು ಮರೆಯಬಾರದು. ಮಾರುತಿ 800ರಂತಹ ಪುಟ್ಟ ಕಾರಿನ ತೂಕವೇ ಸುಮಾರು 650 ಕಿಲೋ. ಅಂದರೆ 50 ಕಿಲೋದ ಹದಿಮೂರು ಅಕ್ಕಿ ಮೂಟೆಗಳು! ಅದರ ಕಾಲು ಭಾಗ ಎದೆಯ ಮೇಲೆ ಕುಳಿತರೂ ಉಸಿರಾಡಲು ಆಗದು, ಕೂಗಿ ಕರೆಯಲೂ ಆಗದು.

ಕೆಲವು ವರ್ಷಗಳ ಹಿಂದೆ ನಮ್ಮ ಸಂಬಂಧಿಕರ ಮನೆಯಲ್ಲಿ ನಡೆದ ಘಟನೆಯಿದು. ಮಳೆಗಾಲ. ಅಂಗಳದ ಕೆಂಪು ಮಣ್ಣು ನೆನೆದಿತ್ತು. ಮನೆಯ ಹುಡುಗ ಜಾಕಿ ಹಾಕಿ ಕಾರನ್ನೆತ್ತಿ ಅಡಿಯಲ್ಲಿ ಮಲಗಿ ಕೆಲಸ ಮಾಡುತ್ತಿದ್ದ. ಸ್ಪ್ಯಾನರ್ ತರಲೆಂದು ಎದ್ದು ಒಳಗೆ ಬಂದಿದ್ದಾನೆ, ಅಷ್ಟರಲ್ಲಿ ದೊಡ್ಡ ಶಬ್ದ. ಜಾಕಿ ಓರೆಯಾಗಿ ಕಾರು ನೆಲಕ್ಕೆ ಕುಳಿತಿತ್ತು. ತಾಯಿ ಮಗನನ್ನು ಅಪ್ಪಿಕೊಂಡು ತುಂಬ ಹೊತ್ತು ಅತ್ತರು. ಅಲ್ಲಾಹನು ಕಾಪಾಡಿದ, ಅಲ್ಹಮ್ದುಲಿಲ್ಲಾಹ್. ಆದರೆ ಅದೇ ಹುಡುಗ ಮರುವಾರ ಮತ್ತೆ ಬರೀ ಜಾಕಿಯನ್ನೇ ನಂಬಿ ಕಾರಿನಡಿಗೆ ಹೋದರೆ ಅದನ್ನು ತವಕ್ಕುಲ್ ಎನ್ನಲಾದೀತೇ? ಒಂಟೆಯನ್ನು ಕಟ್ಟದೆ ಬಿಟ್ಟು ಅಲ್ಲಾಹನ ಮೇಲೆ ಭರವಸೆಯಿಡಲೇ ಎಂದು ಕೇಳಿದವನಿಗೆ, ಮೊದಲು ಅದನ್ನು ಕಟ್ಟು, ಆಮೇಲೆ ಭರವಸೆಯಿಡು ಎಂದು ಪ್ರವಾದಿ(ಸ) ತಿಳಿಸಿದ್ದು ನಮಗೆಲ್ಲ ಗೊತ್ತಿದೆ.

ಜಾಕಿ ಇರುವುದು ಎತ್ತಲಿಕ್ಕೆ. ಎತ್ತಿದ್ದನ್ನು ಹೊತ್ತು ನಿಲ್ಲಲು ಬೇರೆಯೇ ಸಾಧನವಿದೆ, ಅದು ಉಕ್ಕಿನ ಸ್ಟ್ಯಾಂಡ್. ಕಾರಿನ ಜೊತೆ ಬರುವ ಜಾಕಿ ಸ್ಟೆಪ್ನಿ ಬದಲಾಯಿಸುವಷ್ಟು ಹೊತ್ತಿಗೆ ಮಾತ್ರ. ಅದರ ಬುಡ ಕಿರಿದು, ಸ್ವಲ್ಪ ಅಲುಗಿದರೂ ವಾಲುತ್ತದೆ. ಎಣ್ಣೆಯ ಹೈಡ್ರಾಲಿಕ್ ಜಾಕಿ ಗಟ್ಟಿಯೆನಿಸಿದರೂ ಭಾರವನ್ನು ಹಿಡಿದಿಡುವುದು ಒಳಗಿನ ಎಣ್ಣೆ ಮತ್ತು ರಬ್ಬರ್ ಸೀಲ್. ಕುಕ್ಕರಿನ ಗ್ಯಾಸ್ಕೆಟ್ ಹಳತಾದರೆ ಆವಿ ಸೋರುವಂತೆ ಸೀಲ್ ಹಳತಾದರೆ ಎಣ್ಣೆ ಸೋರಿ ಕಾರು ಇಳಿಯುತ್ತದೆ. ಸ್ಟ್ಯಾಂಡಿನಲ್ಲಿ ಸೋರುವಂಥದ್ದೇನೂ ಇಲ್ಲ. ಅಗಲವಾದ ಕಾಲುಗಳ ಮೇಲೆ ಉಕ್ಕೇ ಭಾರ ಹೊರುತ್ತದೆ.

ಕೆಂಪುಕಲ್ಲು, ಇಟ್ಟಿಗೆ, ಸಿಮೆಂಟಿನ ಬ್ಲಾಕ್‌ಗಳನ್ನು ಪೇರಿಸಿ ಕಾರು ನಿಲ್ಲಿಸುವವರೂ ಇದ್ದಾರೆ. ಗೋಡೆ ಕಟ್ಟಲು ಅವು ಒಳ್ಳೆಯವು. ಆದರೆ ಭಾರವೆಲ್ಲ ಒಂದೇ ಕಡೆ ಬಿದ್ದಾಗ ಮುನ್ಸೂಚನೆಯೇ ಇಲ್ಲದೆ ಒಡೆದು ಹೋಗುತ್ತವೆ.

ಹಾಗಾದರೆ ಸರಿಯಾದ ಕ್ರಮವೇನು? ಕಾರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಬೇಕು. ಕಾಂಕ್ರೀಟ್ ನೆಲವಾದರೆ ಉತ್ತಮ. ಇಳಿಜಾರು, ಹಸಿ ಮಣ್ಣು ಬೇಡ. ಹ್ಯಾಂಡ್‌ಬ್ರೇಕ್ ಎಳೆದು ಗೇರಿನಲ್ಲಿಡಬೇಕು. ಇಷ್ಟೇ ಸಾಲದು. ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಅವೇ ನೆಲ ಬಿಟ್ಟು ಮೇಲೆದ್ದರೆ ಆ ಹಿಡಿತದಿಂದ ಪ್ರಯೋಜನವಿಲ್ಲ. ಆದ್ದರಿಂದ ನೆಲದಲ್ಲಿರುವ ಚಕ್ರಗಳ ಹಿಂದೆ ಮುಂದೆ ಗಟ್ಟಿ ಮರದ ತುಂಡುಗಳನ್ನು ಅಡ್ಡ ಕೊಡಬೇಕು. ಚಕ್ರ ಬಿಚ್ಚುವುದಿದ್ದರೆ ನಟ್‌ಗಳನ್ನು ಎತ್ತುವ ಮೊದಲೇ ಸ್ವಲ್ಪ ಸಡಿಲಿಸಬೇಕು. ಮೇಲಕ್ಕೆತ್ತಿದ ಮೇಲೆ ಬಲ ಹಾಕಿ ತಿರುಗಿಸಿದರೆ ಕಾರು ಅಲುಗುತ್ತದೆ.

ಜಾಕಿ ಮತ್ತು ಸ್ಟ್ಯಾಂಡ್ ಎಲ್ಲಿಡಬೇಕೆಂದು ಕಾರಿನ ಜೊತೆ ಬಂದ ಪುಸ್ತಕದಲ್ಲಿ ಚಿತ್ರ ಸಹಿತ ಇರುತ್ತದೆ. ಸ್ಟ್ಯಾಂಡಿನ ಮೇಲೆ ಅದು ಹೊರುವ ಭಾರ ಬರೆದಿರುತ್ತದೆ, ಕಾರಿನ ತೂಕದೊಡನೆ ಹೋಲಿಸಿ ನೋಡಿ. ಎತ್ತಿದ ಬಳಿಕ ಸ್ಟ್ಯಾಂಡ್ ಇಟ್ಟು, ಜಾಕಿಯನ್ನು ನಿಧಾನವಾಗಿ ಇಳಿಸಿ ಭಾರವನ್ನು ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ನಂತರ ಹೊರಗೆ ನಿಂತೇ ಕಾರನ್ನು ಕೈಯಿಂದ ದೂಡಿ ನೋಡಬೇಕು. ಅಲುಗಿದರೆ ಇಳಿಸಿ ಮತ್ತೆ ಮೊದಲಿನಿಂದ ಮಾಡಬೇಕು. ಬಿಚ್ಚಿದ ಚಕ್ರವನ್ನು ಕಾರಿನಡಿಗೆ ಮಲಗಿಸಿಟ್ಟರೆ ಇನ್ನೊಂದು ರಕ್ಷಣೆ. ಕಾರಿನೊಳಗೆ ಯಾರೂ ಕುಳಿತಿರಬಾರದು. ಮಕ್ಕಳನ್ನು ಅಂಗಳದಿಂದ ಆಚೆ ಕಳಿಸಿ.

ಇಷ್ಟಾದರೂ ಒಬ್ಬರೇ ಇದ್ದಾಗ ಈ ಕೆಲಸ ಬೇಡ. ಕೂಗಿದರೆ ಕೇಳುವಷ್ಟು ಹತ್ತಿರ ಯಾರಾದರೂ ಇರಲಿ. ಅಕಸ್ಮಾತ್ ಯಾರಾದರೂ ಸಿಲುಕಿದರೆ ಎಳೆಯಲು ಹೋಗದೆ ಅಕ್ಕಪಕ್ಕದವರನ್ನು ಕೂಗಿ ಕರೆದು ಕಾರನ್ನು ಎತ್ತಿಸಬೇಕು, ಕೂಡಲೇ 108ಕ್ಕೆ ಕರೆ ಮಾಡಬೇಕು.

"ಇದೆಲ್ಲ ಗಂಡಸರ ಕೆಲಸ, ನಾವು ಹೇಳಿದರೆ ಕೇಳುತ್ತಾರೆಯೇ?" ಎಂದು ನೀವು ಕೇಳಬಹುದು. ವಾದ ಮಾಡಬೇಕಿಲ್ಲ. "ಸ್ಟ್ಯಾಂಡ್ ಇಟ್ಟಿದ್ದೀರಾ?" ಎಂಬ ಒಂದು ಪ್ರಶ್ನೆ ಸಾಕು. ಇಲ್ಲವೆಂದರೆ, "ಹಾಗಿದ್ದರೆ ಹೊರಗೆ ಬನ್ನಿ, ಗ್ಯಾರೇಜಿಗೆ ಕೊಡೋಣ" ಎನ್ನಿ. ಅದಕ್ಕೆ ತಗಲುವ ಹಣ ನಷ್ಟವಲ್ಲ. ದೇಹವೂ ಜೀವವೂ ಅಲ್ಲಾಹನ ಅಮಾನತ್ತು. ಮನೆಮಂದಿಯ ಅಮಾನತ್ತನ್ನು ಕಾಯುವುದರಲ್ಲಿ ಗೃಹಿಣಿಗೂ ಪಾಲಿದೆ.

ಮುಂದಿನ ಭಾನುವಾರ ಚಹಾ ಕೊಡಲು ಹೋದಾಗ ಒಮ್ಮೆ ಬಗ್ಗಿ ನೋಡುತ್ತೀರಲ್ಲ?