ಕಪ್ಪಿನೊಳಗಿನ ಬಿಳುಪು

ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯನ್ನು ತೆರೆದಾಗ ಮದುವೆಯ ಆಲ್ಬಮ್ಮಿನೊಡನೆ ಒಂದು ಲಕೋಟೆಯೂ ದೊರಕುವುದುಂಟು. ಆಲ್ಬಮ್ಮನ್ನು ಮನೆಮಂದಿಯೆಲ್ಲ ಮುತ್ತಿಕೊಳ್ಳುತ್ತಾರೆ. ಲಕೋಟೆಯೊಳಗಿನ ನೆಗೆಟಿವ್‌ಗಳನ್ನು ಕೇಳುವವರೇ ಇಲ್ಲ. ಚಿತ್ರವೇ ಇರುವಾಗ ಈ ಕಪ್ಪು ತುಂಡುಗಳೇಕೆಂದು ಕಸಕ್ಕೆ ಹಾಕುವವರೂ ಉಂಟು. ಪಾಪ, ಚಿತ್ರದಲ್ಲಿ ಕಾಣದಿದ್ದುದನ್ನೂ ತಾವು ಎಸೆಯುತ್ತಿರುವೆವೆಂಬುದನ್ನು ಅವರು ಅರಿಯರು.

ಕಪ್ಪು-ಬಿಳುಪು ನೆಗೆಟಿವ್‌ನಲ್ಲಿ ಕಪ್ಪಾಗಿ ತೋರುವುದು ಬೆಳ್ಳಿ. ಬೆಳಕು ಹೆಚ್ಚಾಗಿ ಬಿದ್ದೆಡೆ ಬೆಳ್ಳಿಯ ಕಣಗಳು ದಟ್ಟವಾಗುತ್ತವೆ. ಆದುದರಿಂದಲೇ ಅಜ್ಜಿಯ ಬಿಳಿಯ ಸೀರೆ ಅಲ್ಲಿ ಕಪ್ಪು, ಅಜ್ಜನ ಕರಿಯ ಕೋಟು ತಿಳಿ. ಈ ದಟ್ಟಣೆಯನ್ನು ಅಳೆಯುವ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರು ಇಂಗ್ಲೆಂಡಿನ ವಿಡ್ನೆಸ್ ಪಟ್ಟಣದ ಇಬ್ಬರು ಗೆಳೆಯರು: ರಸಾಯನಶಾಸ್ತ್ರಜ್ಞ ಫರ್ಡಿನಂಡ್ ಹರ್ಟರ್ ಹಾಗೂ ಎಂಜಿನಿಯರ್ ವೆರೋ ಚಾರ್ಲ್ಸ್ ಡ್ರಿಫೀಲ್ಡ್. 1890ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು.

ಅಳತೆ ಸುಲಭವಾದುದೇ. ಬಿದ್ದ ಬೆಳಕಿನ ಹತ್ತರಲ್ಲೊಂದು ಪಾಲನ್ನು ಮಾತ್ರ ಹಾಯಗೊಡುವ ಕಪ್ಪಿನ ಸಾಂದ್ರತೆ 1, ನೂರರಲ್ಲೊಂದಾದರೆ 2, ಸಾವಿರದಲ್ಲೊಂದಾದರೆ 3. ಅತಿ ತಿಳಿಯಾದ ಭಾಗಕ್ಕೂ ಅತಿ ದಟ್ಟವಾದ ಭಾಗಕ್ಕೂ ಇರುವ ಅಂತರವೇ ಸಾಂದ್ರತೆಯ ವ್ಯಾಪ್ತಿ. ಸರಿಯಾಗಿ ತೆಗೆದು ತೊಳೆದ ಕಪ್ಪು-ಬಿಳುಪು ನೆಗೆಟಿವ್‌ನಲ್ಲಿ ಇದು ಸಾಮಾನ್ಯವಾಗಿ 2ನ್ನು ಮೀರದು. ಪರದೆಯ ಮೇಲೆ ತೋರಿಸುವ ಬಣ್ಣದ ಸ್ಲೈಡಿನಲ್ಲಾದರೋ 3ನ್ನೂ ದಾಟುತ್ತದೆ.

ಸ್ಕ್ಯಾನರ್ ಕೊಳ್ಳಹೊರಟವರು ಇಲ್ಲಿಯೇ ಮೋಸಹೋಗುವುದು. 4.8ರಂತಹ ದೊಡ್ಡ ಅಂಕಿಯನ್ನು ಕಂಡು ಮರುಳಾಗುತ್ತಾರೆ. 16 ಬಿಟ್ಟುಗಳ ಯಂತ್ರ ಬೆಳಕನ್ನು 65,536 ಮೆಟ್ಟಿಲುಗಳಾಗಿ ವಿಂಗಡಿಸಬಲ್ಲದು. ಆ ಎಣಿಕೆಯನ್ನು ಲಾಗರಿದಮ್ಮಿಗೆ ತಿರುಗಿಸಿದರೆ 4.8 ಬರುತ್ತದೆ. ಆದರೆ ಮೆಟ್ಟಿಲೆಣಿಸುವುದು ಬೇರೆ, ಕತ್ತಲೆಯಲ್ಲಿ ಕಾಣುವುದು ಬೇರೆ. ದಟ್ಟ ಕಪ್ಪನ್ನು ಹಾದುಬರುವ ಕ್ಷೀಣವಾದ ಬೆಳಕು ಯಂತ್ರದೊಳಗಿನ ವಿದ್ಯುತ್ತಿನ ಗೊಂದಲದಲ್ಲಿ ಮುಳುಗಿಹೋಗಬಹುದು. ಸ್ಲೈಡುಗಳಿಗೆ ಉತ್ತಮ ಯಂತ್ರ ಅವಶ್ಯ. ಮನೆಯ ನೆಗೆಟಿವ್‌ಗಳಿಗೆ ಫಿಲ್ಮನ್ನು ಓದಬಲ್ಲ ಸಾಧಾರಣ ಯಂತ್ರವೂ ಬಹುಮಟ್ಟಿಗೆ ಸಾಕು.

ಹಾಗಿದ್ದೂ ಸೀರೆಯ ನೆರಿಗೆಗಳು ಮಾಯವಾಗುವುದೇಕೆ? ದೃಶ್ಯದ ವಿಶಾಲವಾದ ಬೆಳಕು-ನೆರಳುಗಳನ್ನು ನೆಗೆಟಿವ್ ಕುಗ್ಗಿಸಿ ತನ್ನೊಳಗೆ ಇರಿಸಿಕೊಂಡಿರುತ್ತದೆ. ಪ್ರಿಂಟಿನ ಕಾಗದ ಅದನ್ನು ಮತ್ತೆ ಹಿಗ್ಗಿಸುವಾಗ ಎರಡು ತುದಿಗಳನ್ನೂ ಕತ್ತರಿಸಿಬಿಡಬಹುದು. ಸ್ಕ್ಯಾನರಿನ ಸ್ವಯಂಚಾಲಿತ ತಿದ್ದುಪಡಿಯೂ ಹಲವು ವೇಳೆ ಮಾಡುವುದು ಇದನ್ನೇ. ಆ ತಿದ್ದುಪಡಿಯನ್ನು ನಿಲ್ಲಿಸಿ, ಎರಡು ತುದಿಗಳಿಗೂ ತುಸು ಎಡೆಯಿಟ್ಟು, 16 ಬಿಟ್ಟುಗಳಲ್ಲಿ ಉಳಿಸುವುದು ಲೇಸು. ಚಿತ್ರ ಮೊದಲು ಮಂಕಾಗಿ ಕಂಡೀತು, ಹೆದರಬೇಕಾಗಿಲ್ಲ. ಮೆಲ್ಲಮೆಲ್ಲನೆ ತಿದ್ದಿದಂತೆ ಆಲ್ಬಮ್ಮಿನಲ್ಲಿ ಬರಿಯ ಬಿಳುಪಾಗಿದ್ದೆಡೆ ನೆರಿಗೆ ಮೂಡೀತು, ಸೆರಗಿನ ಅಂಚು ತೋರೀತು.

ಎಲ್ಲವೂ ಮರಳಿ ಬರುವುದೆಂದಲ್ಲ. ಸಾಕಷ್ಟು ಬೆಳಕು ತಲಪದ ಮೂಲೆಯಲ್ಲಿ ಚಿತ್ರದ ಬೆಳ್ಳಿ ಹುಟ್ಟಿರುವುದೇ ಇಲ್ಲ. ಇಲ್ಲದುದನ್ನು ಯಾವ ಯಂತ್ರವೂ ತರಲಾರದು. ಆದರೆ ಇದ್ದುದು ಲಕೋಟೆಯಲ್ಲಿ ಇನ್ನೂ ಕಾದಿದೆ. ಅಟ್ಟವನ್ನು ಗುಡಿಸುವ ಮುನ್ನ ಆ ಕಪ್ಪು ತುಂಡನ್ನು ಒಮ್ಮೆ ಕಿಟಕಿಯ ಬೆಳಕಿಗೆ ಹಿಡಿದು ನೋಡಬಾರದೇ?