ಸುಟ್ಟರೆ ಬೆಳ್ಳಿ, ಉಟ್ಟರೆ ಧಾರೆ ಸೀರೆ!

ಚಿತ್ರದುರ್ಗ: "ಹಳೇ ಜರಿ ಸೀರೆ ಕೊಳ್ತೀವೀ... ಹರಿದ ರೇಷ್ಮೆ ಸೀರೆ ಕೊಳ್ತೀವೀ..."

ಗಂಡಸರು ಅಂಗಡಿ, ಕಛೇರಿ ಸೇರಿ, ಹೆಂಗಸರು ಊಟ ಮುಗಿಸಿ ಕಾಲು ಚಾಚುವ ಹೊತ್ತಿಗೇ ಈ ಕೂಗು ಓಣಿಗೆ ಬರುತ್ತದೆ. ಕಳೆದ ತಿಂಗಳು ನಮ್ಮ ಮನೆ ಬಾಗಿಲಿಗೂ ಬಂತು. ಟ್ರಂಕಿನಲ್ಲಿದ್ದ ಅಜ್ಜಿಯ ಧಾರೆ ಸೀರೆ ಅವನ ಚೀಲ ಸೇರುವುದಕ್ಕೆ ಹತ್ತು ನಿಮಿಷ ಸಾಕಾಯಿತು. ಅವ್ವನ ಕೈಗೆ ಬಂದದ್ದು 1,800 ರೂಪಾಯಿ.

ಆ ಸೀರೆ ನಮ್ಮ ಜಿಲ್ಲೆಯದೇ, ಮೊಳಕಾಲ್ಮೂರು ಮಗ್ಗದ್ದು. ಅರಿಶಿನ ಬಣ್ಣದ ಒಡಲು, ಕೆಂಪು ಅಂಚು, ಸೆರಗಿನ ತುಂಬ ಜರಿ ನವಿಲು. (ಈ ಸೀರೆಗೆ ಸರಕಾರದ ಜಿ.ಐ. ಮುದ್ರೆ ಸಿಕ್ಕಿದ್ದು 2011ರಲ್ಲಿ. ಅಜ್ಜಿಗೆ ಅದೇನೂ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.) 1956ರಲ್ಲಿ ಅದನ್ನುಟ್ಟು ಹಸೆಮಣೆ ಏರಿದಳು. ಆಮೇಲೆ ಅವ್ವ, ಇಬ್ಬರು ಚಿಕ್ಕಮ್ಮಂದಿರು, 2009ರಲ್ಲಿ ನಮ್ಮಕ್ಕ. ಹೊಸ ಸೀರೆ ಎಷ್ಟೇ ಸಾವಿರದ್ದಿರಲಿ, "ಧಾರೆ ಹೊತ್ತಿಗೆ ಅದನ್ನ ಉಡ್ಲಿ, ಆಮೇಲೆ ಏನಾರ ಉಟ್ಕೊಳ್ಳಿ" ಅನ್ನೋದು ಅಜ್ಜಿಯ ಕಾನೂನು. ಅವ್ವನ ಮದುವೆಯಲ್ಲಿ ಆರತಿಯ ಕರ್ಪೂರ ಸಿಡಿದು ಸೆರಗಿಗೊಂದು ಕಪ್ಪು ಕಲೆ ಬಿದ್ದಿತ್ತು. ಅದೂ ಸೀರೆಯ ಜೊತೆಗೇ ಬಂದಿತ್ತು.

ಹಾಗಾದರೆ ಮಾರಿದ್ದೇಕೆ? ಮಡಿಕೆ ಮಡಿಕೆಗೂ ಸೀಳಿತ್ತು ಸ್ವಾಮಿ. 2009ರಿಂದ ಒಂದೇ ಮಡಿಕೆಯಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ, ಮೇಲೊಂದು ನುಸಿ ಗುಳಿಗೆ ಇಟ್ಟು ಮರೆತದ್ದು ನಾವೇ. ವರ್ಷಕ್ಕೆರಡು ಸಲ ನೆರಳಲ್ಲಿ ಹರವಿ, ಮಡಿಕೆ ಬದಲಿಸಿ, ಹಳೇ ಪಂಚೆಯಲ್ಲಿ ಸುತ್ತಿಟ್ಟಿದ್ದರೆ ಈ ಗತಿ ಬರುತ್ತಿರಲಿಲ್ಲ.

ಕೊಳ್ಳುವವನಿಗೆ ಸೀಳಿದ್ದರೇನು, ಅವನ ಕಣ್ಣೆಲ್ಲ ಜರಿ ಮೇಲೆ. ಸಾಚಾ ಜರಿ ಅಂದರೆ ಬೆಳ್ಳಿಯನ್ನು ಕೂದಲೆಳೆಯಂತೆ ಎಳೆದು, ಚಪ್ಪಟೆ ಮಾಡಿ, ರೇಷ್ಮೆ ನೂಲಿಗೆ ಸುತ್ತಿ, ಮೇಲೆ ಚಿನ್ನದ ನೀರು ಕೊಟ್ಟದ್ದು. ಇದಕ್ಕೆ ಸೂರತ್ ಹೆಸರುವಾಸಿ. ಸರಕಾರದ ಮೈಸೂರು ಸಿಲ್ಕ್ ಸೀರೆಯ ಜರಿಯಲ್ಲಿ ನೂರಕ್ಕೆ 65 ಪಾಲು ಬೆಳ್ಳಿ, 0.65 ಪಾಲು ಚಿನ್ನ. ಬಹಳಷ್ಟು ಅಗ್ಗದ ಸೀರೆಗಳದ್ದು ತಾಮ್ರದ್ದೋ ಪ್ಲಾಸ್ಟಿಕ್ಕಿನದೋ ಜರಿ, ಅವನ್ನು ಈತ ಮುಟ್ಟಿಯೂ ನೋಡುವುದಿಲ್ಲ. ಹಳೇದನ್ನು ಒಯ್ದು ಸುಡುತ್ತಾರೆ. ರೇಷ್ಮೆ ಬೂದಿಯಾಗುತ್ತದೆ, ಬೆಳ್ಳಿ ಉಳಿಯುತ್ತದೆ. ವ್ಯಾಪಾರ ವ್ಯಾಪಾರವೇ, ಕಳ್ಳತನ ಅನ್ನಲಾಗದು. ಆದರೆ ಆ ಮಧ್ಯಾಹ್ನ ನಮ್ಮ ಮನೆಯಲ್ಲಿ ಬೆಳ್ಳಿ ರೇಟು ಗೊತ್ತಿದ್ದವನು ಅವನೊಬ್ಬನೇ!

ಸಂಜೆ ತಂಗಿ ಕೆಲಸದಿಂದ ಬಂದಳು. ಅವಳ ಮದುವೆ ವೈಶಾಖಕ್ಕೆ. ಖಾಲಿ ಟ್ರಂಕು ನೋಡಿ ಅತ್ತಳು, ಅವ್ವನೂ ಅತ್ತಳು. ನಾನು ಬೈಕ್ ಹತ್ತಿದೆ. ಬಸ್ ಸ್ಟ್ಯಾಂಡ್ ಹತ್ತಿರ ಟೀ ಕುಡಿಯುತ್ತಾ ಸಿಕ್ಕಿದ ಪುಣ್ಯಾತ್ಮ. "ಅಣ್ಣಾ, ಜರಿ ಕತ್ರಿಸಿ ಆಯ್ತಲ್ಲ" ಅಂದ. ಭಾರ ಕಡಿಮೆ ಮಾಡಲು ಅಂಚು, ಸೆರಗು ಕತ್ತರಿಸಿ, ಒಡಲನ್ನು ಸುರುಳಿ ಸುತ್ತಿಟ್ಟಿದ್ದ. ಚೌಕಾಸಿ ನಡೆದು 2,500ಕ್ಕೆ ಜರಿ ಬಿಟ್ಟುಕೊಟ್ಟ. ಒಡಲು ಪುಕ್ಕಟೆ.

ನಮ್ಮ ಓಣಿಯ ಟೈಲರ್ ಮೂರು ದಿನ ಕೂತು, ಹಳೇ ಅಂಚನ್ನೂ ಸೆರಗನ್ನೂ ಹೊಸ ಅರಿಶಿನ ಬಣ್ಣದ ರೇಷ್ಮೆಗೆ ಕೂಡಿಸಿ, ಹಿಂದೆ ತೆಳು ಬಟ್ಟೆ ಹಚ್ಚಿ ಹೊಲಿದುಕೊಟ್ಟ. ಇದೀಗ ಸೀರೆ ಅರ್ಧ ಅಜ್ಜಿಯದು, ಅರ್ಧ ಅಂಗಡಿಯದು.

ಅಜ್ಜಿ ಕನ್ನಡಕ ಹಾಕಿಕೊಂಡು ಸೆರಗನ್ನು ಗೇಣು ಗೇಣಾಗಿ ಸವರಿ ನೋಡಿದಳು. ಕರ್ಪೂರದ ಕಲೆ ಬೆರಳಿಗೆ ಸಿಕ್ಕಿತು.

"ಇದೇ ಕಣೋ" ಅಂದಳು. ಆಮೇಲೆ ಅವ್ವನ ಕಡೆ ತಿರುಗಿ, "ಟ್ರಂಕಿನ ಬೀಗದ ಕೈ ಎಲ್ಲಿ? ಇತ್ತ ಕೊಡು."