ಐನೂರು ವರ್ಷ ಹಸು ಎಣಿಸಿದ ಊರು

ಸ್ವಿಟ್ಜರ್ಲೆಂಡಿನ ವಾಲಿಸ್ ಪ್ರಾಂತ್ಯದಲ್ಲಿ, ಫಿಸ್ಪಾ ನದಿಯ ಕಣಿವೆಯ ಮೇಲೆ, ಸುಮಾರು 1,500 ಮೀಟರ್ ಎತ್ತರದ ಕಡಿದಾದ ಇಳಿಜಾರಿಗೆ ಅಂಟಿಕೊಂಡು ಟ್ಯೋರ್ಬೆಲ್ ಎಂಬ ಊರಿದೆ. ಜನ ಐನೂರರ ಆಸುಪಾಸು. ಬಿಸಿಲಿಗೆ ಕಪ್ಪಿಟ್ಟ ಲಾರ್ಚ್ ಮರದ ಮನೆಗಳು. ಇಲಿ ಹತ್ತದ ಹಾಗೆ ಕಂಬಗಳ ನೆತ್ತಿಗೆ ದುಂಡನೆಯ ಚಪ್ಪಡಿ ಕೂರಿಸಿ, ಅದರ ಮೇಲೆ ನಿಲ್ಲಿಸಿದ ಕಣಜಗಳು. ಇಷ್ಟು ಪುಟ್ಟ ಊರಿನ ಹಳೇ ಕಾಗದಪತ್ರಗಳು ಅರ್ಥಶಾಸ್ತ್ರದ ದೊಡ್ಡದೊಂದು ವಾದವನ್ನೇ ಅಲುಗಾಡಿಸಿದವು ಎಂದರೆ ನಂಬುತ್ತೀರಾ? ನಂಬಲೇಬೇಕು!

ಆಲ್ಪ್ಸ್ ಎಂದರೆ ನೀರೇ ನೀರು ಎಂದುಕೊಂಡವರಿಗೆ ಇಲ್ಲಿನ ನೆಲವೇ ಮೊದಲ ಅಚ್ಚರಿ. ಉತ್ತರಕ್ಕೂ ದಕ್ಷಿಣಕ್ಕೂ 4,000 ಮೀಟರ್ ದಾಟಿದ ಶಿಖರಗಳು ಮಳೆಮೋಡಗಳನ್ನು ತಡೆದುಬಿಡುತ್ತವೆ. ಇಡೀ ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಾಗಗಳಲ್ಲಿ ಈ ಕಣಿವೆಯೂ ಒಂದು. ಹುಲ್ಲು ಬೆಳೆಯಬೇಕಾದರೂ ನೀರು ಹಾಯಿಸಬೇಕು! ಅದಕ್ಕೇ ಮೇಲಿನ ತೊರೆಗಳಿಂದ ಬೆಟ್ಟದ ಮೈಯುದ್ದಕ್ಕೂ ಕಾಲುವೆ ತಂದರು, ನೀರಿಗೆ ಸರದಿ ಕಟ್ಟಿದರು. ರಾಬರ್ಟ್ ನೆಟ್ಟಿಂಗ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ 1970ರ ದಶಕದಲ್ಲಿ ಇಲ್ಲಿಗೆ ಬಂದು, ಊರಿನ ದಾಖಲೆಗಳನ್ನೆಲ್ಲ ಜಾಲಾಡಿದ. ಈ ಕಾಲುವೆಗಳ ಮೇಲೆ ಅವನು ಬರೆದ ಲೇಖನದ ಹೆಸರೇ 'ಯಾರಿಗೂ ಗೊತ್ತಿಲ್ಲದ ವ್ಯವಸ್ಥೆ'.

ದಾಖಲೆಗಳೋ, 1224ರಷ್ಟು ಹಳೆಯವು! 1483ರ ಫೆಬ್ರುವರಿ 1ರಂದು ಊರವರು ಸೇರಿ ಒಂದು ಪತ್ರಕ್ಕೆ ಸಹಿ ಹಾಕಿ, ಗೋಮಾಳ, ಕಾಡು, ಬಂಜರು ಮೂರನ್ನೂ ನೋಡಿಕೊಳ್ಳಲು ಸಂಘ ಕಟ್ಟಿಕೊಂಡರು. ಅಮೆರಿಕ ತಲುಪಿದ ಯಾನಕ್ಕೆ ಕೊಲಂಬಸ್ ಇನ್ನೂ ಹಡಗು ಹತ್ತಿರಲಿಲ್ಲ. ಹೊರಗಿನವನು ಊರಲ್ಲಿ ಜಮೀನು ಕೊಂಡರೂ ಗೋಮಾಳದಲ್ಲಿ ಅವನಿಗೆ ಹಕ್ಕಿಲ್ಲ, ಮರ ಕಡಿಯುವ ಹಾಗೂ ಇಲ್ಲ. ಹೌದು, ಕಟುವಾದ ಮಾತೇ. ಆದರೆ ಉಣ್ಣುವ ಬಾಯಿಗಳು ಎಷ್ಟೆಂದು ತಿಳಿಯದೆ ಹಂಚುವುದಾದರೂ ಹೇಗೆ?

1517ರಲ್ಲಿ ಬಂತು ನೋಡಿ, ನನ್ನನ್ನು ಬೆರಗಾಗಿಸಿದ ಆ ಕಟ್ಟಳೆ: ಚಳಿಗಾಲದಲ್ಲಿ ಸಾಕಬಲ್ಲಷ್ಟೇ ಹಸುಗಳನ್ನು ಬೇಸಿಗೆಯಲ್ಲಿ ಗೋಮಾಳಕ್ಕೆ ಅಟ್ಟಬೇಕು, ಒಂದೂ ಹೆಚ್ಚಿಲ್ಲ. ಅಷ್ಟೇ! ಇದರ ಜಾಣ್ಮೆ ನಿಧಾನಕ್ಕೆ ಹೊಳೆಯುತ್ತದೆ. ಮೇಲಿನ ಗೋಮಾಳ ಎಲ್ಲರದು. ಹಿಮ ಮುಚ್ಚಿದ ತಿಂಗಳುಗಳಲ್ಲಿ ಕೊಟ್ಟಿಗೆಗೆ ಬೇಕಾದ ಒಣಹುಲ್ಲು ಮಾತ್ರ ಅವರವರ ಹೊಲದ್ದು. ಹೊಲದ ಹುಲ್ಲು ಕಾಲುವೆಯ ಸರದಿಗೆ ಕಟ್ಟುಬಿದ್ದದ್ದು. ಅಂದರೆ ಮೇಲೆ ಎಷ್ಟು ಹಸು ಮೇಯಬೇಕೆಂದು ಕೆಳಗಿನ ಹೊಲ, ಅದರಲ್ಲಿ ಹರಿದ ನೀರು, ಹೊರಗೆ ಬಿದ್ದ ಹಿಮ ಇವೇ ನಿಶ್ಚಯಿಸುತ್ತಿದ್ದವು! ಬೇಸಿಗೆಗೆಂದೇ ಅಗ್ಗಕ್ಕೆ ಹಸು ಕೊಂಡುತಂದು ಮೇಯಿಸಿ ಲಾಭ ಹೊಡೆಯುವ ದಾರಿಯೇ ಮುಚ್ಚಿಹೋಯಿತು.

ತಪ್ಪಿದವರಿಗೆ ದಂಡ. ವಸೂಲಿ ಮಾಡಿದ ಊರಿನ ಅಧಿಕಾರಿಗೇ ಅದರಲ್ಲಿ ಅರ್ಧ ಪಾಲು, ಇನ್ನು ಕಣ್ಣು ಮುಚ್ಚಿ ಕೂರುತ್ತಾನೆಯೇ! ಹಸುಗಳು ಮೇಲಕ್ಕೆ ಹೊರಟ ಕೂಡಲೇ ಲೆಕ್ಕ. ಗೋಮಾಳದಲ್ಲಿ ತಯಾರಾದ ಚೀಸ್‌ನಲ್ಲಿ ಯಾವ ಮನೆಗೆಷ್ಟು ಎಂಬುದೂ ಅದೇ ಲೆಕ್ಕದ ಮೇಲೆ.

1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಜೀವವಿಜ್ಞಾನಿ, ಎಲ್ಲರಿಗೂ ಸೇರಿದ ಹುಲ್ಲುಗಾವಲು ಕೊನೆಗೆ ಹಾಳಾಗಿಯೇ ತೀರುತ್ತದೆ ಎಂದು ವಾದಿಸಿದ; ಜಗತ್ತು ತಲೆದೂಗಿತು. ರಾಜ್ಯಶಾಸ್ತ್ರಜ್ಞೆ ಎಲಿನಾರ್ ಆಸ್ಟ್ರಮ್ ಒಪ್ಪಲಿಲ್ಲ. 1990ರ ತಮ್ಮ ಪುಸ್ತಕದಲ್ಲಿ, ನೆಟ್ಟಿಂಗ್ ಕಲೆಹಾಕಿದ್ದ ಟ್ಯೋರ್ಬೆಲ್‌ನ ಕಥೆಯನ್ನು ಸಾಕ್ಷಿಯಾಗಿ ಮುಂದಿಟ್ಟರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರೇ!

ಆ ಸಾಕ್ಷಿಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸೌದೆಯ ಹಂಚಿಕೆ. ಕಡಿಯಬೇಕಾದ ಮರಗಳಿಗೆ ಊರಿನ ಕಡೆಯಿಂದ ಗುರುತು ಹಾಕುತ್ತಿದ್ದರು. ಮನೆಗಳವರು ತಂಡ ಕಟ್ಟಿಕೊಂಡು ಕಡಿದು, ಸಾಗಿಸಿ, ಸಮಸಮ ರಾಶಿಗಳಾಗಿ ಒಟ್ಟುತ್ತಿದ್ದರು. ಆಮೇಲೆ ಚೀಟಿ ಎತ್ತುತ್ತಿದ್ದರು. ಯಾವ ರಾಶಿ ಯಾರ ಪಾಲಿಗೆ ಬರುತ್ತದೆಂದು ರಾಶಿ ಒಟ್ಟುವಾಗ ಯಾರಿಗೂ ಗೊತ್ತಿರುತ್ತಿರಲಿಲ್ಲ. ಹಾಗಾಗಿ ಯಾರೂ ಒಂದು ರಾಶಿಯನ್ನು ದಪ್ಪ, ಇನ್ನೊಂದನ್ನು ಸಣ್ಣ ಮಾಡುತ್ತಿರಲಿಲ್ಲ!